ಬಡಾವಣೆಯ ಸುರಕ್ಷತೆ, ಅಪರಾಧದ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಹುಡುಕುತ್ತಿರುವವರು, ಈಗಷ್ಟೇ ಕಳ್ಳತನವಾದ ಮನೆಯವರು, ಬಡಾವಣೆ ಸಂಘದ ಜವಾಬ್ದಾರಿ ಹೊತ್ತವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ. ಸುಲಭದ ಪ್ರಶ್ನೆಗಳು ಮೊದಲು, ತಲೆ ಕೆರೆದುಕೊಳ್ಳಬೇಕಾದವು ಕೊನೆಗೆ.

## ಅಂಕಿಗಳನ್ನು ಓದುವುದು

“ಈ ಏರಿಯಾ ಸೇಫಾ?” ಅಂತ ಕೇಳಿದ್ರೆ ಯಾಕೆ ಯಾರೂ ನೇರವಾಗಿ ಉತ್ತರ ಕೊಡಲ್ಲ?

ಆ ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ನಾಲ್ಕು ಪ್ರಶ್ನೆಗಳಿವೆ: ಯಾವ ಅಪರಾಧ, ಯಾವ ಜಾಗದಲ್ಲಿ, ಎಷ್ಟು ಹೊತ್ತಿಗೆ, ಯಾರ ಮೇಲೆ? ಬೈಕ್ ಕಳವು ವಿಪರೀತ ಇರುವ ಬಡಾವಣೆಯಲ್ಲೂ ಬೈಕೇ ಇಲ್ಲದವರು ನೆಮ್ಮದಿಯಾಗಿ ಮಲಗಬಹುದು. ಹಗಲು ಹೊತ್ತು ಮನೆಗಳೆಲ್ಲ ಖಾಲಿ ಬಿದ್ದಿರುವ “ಶಾಂತ” ಬೀದಿ ಕನ್ನ ಹಾಕುವವನಿಗೆ ಹೇಳಿ ಮಾಡಿಸಿದ ಜಾಗ.

ಇನ್ನೂ ಒಂದು ವಿಷಯವಿದೆ. ಅಪರಾಧ ಬಡಾವಣೆಯ ತುಂಬ ಸಮನಾಗಿ ಹರಡಿರುವುದಿಲ್ಲ. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಒಂದು ವರ್ಷ ಪೊಲೀಸರಿಗೆ ಬಂದ ಕರೆಗಳನ್ನೆಲ್ಲ ವಿಳಾಸದ ಪ್ರಕಾರ ಜೋಡಿಸಿ ನೋಡಿದ ಅಧ್ಯಯನ 1989ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಕರೆಗಳು ಬಂದದ್ದು ನಗರದ ಶೇ 3ರಷ್ಟು ವಿಳಾಸಗಳಿಂದ. ಆಮೇಲೆ ಬೇರೆ ಬೇರೆ ದೇಶಗಳ ನಗರಗಳಲ್ಲಿ ಲೆಕ್ಕ ಹಾಕಿದಾಗಲೂ ಹೆಚ್ಚುಕಡಿಮೆ ಇದೇ ಚಿತ್ರ. “ಕೆಟ್ಟ ಏರಿಯಾ” ಎಂದು ಹೆಸರಾದ ಕಡೆಯೂ ಬಹುಪಾಲು ಬೀದಿಗಳಲ್ಲಿ ವರ್ಷವಿಡೀ ಏನೂ ಆಗುವುದಿಲ್ಲ. ಆಗುವುದೆಲ್ಲ ಒಂದು ತಿರುವಿನಲ್ಲಿ, ಒಂದು ಪಾರ್ಕಿಂಗ್ ಜಾಗದಲ್ಲಿ, ಒಂದು ಮದ್ಯದಂಗಡಿಯ ಎದುರು. ನಿಮಗೆ ಬೇಕಾದದ್ದು ಆ ತಿರುವು ಯಾವುದು ಎಂಬ ಮಾಹಿತಿ. ಬಡಾವಣೆಯ ಹೆಸರು ಅದನ್ನು ಹೇಳುವುದಿಲ್ಲ.

ಲಕ್ಷಕ್ಕೆ ಇಷ್ಟು ಅಪರಾಧ ಅಂತ ಬರೀತಾರಲ್ಲ, ಆ ಲೆಕ್ಕ ಹೇಗೆ?

ಅಪರಾಧಗಳ ಸಂಖ್ಯೆಯನ್ನು ಜನಸಂಖ್ಯೆಯಿಂದ ಭಾಗಿಸಿ, ಒಂದು ಲಕ್ಷದಿಂದ ಗುಣಿಸಿದರೆ ಆಯಿತು. 12,000 ಜನರಿರುವ ಬಡಾವಣೆಯಲ್ಲಿ ವರ್ಷಕ್ಕೆ 18 ಮನೆಗಳ್ಳತನವಾದರೆ ದರ ಲಕ್ಷಕ್ಕೆ 150. ಲೆಕ್ಕ ಸುಲಭ. ಎಡವುವುದು ಯಾವುದರಿಂದ ಭಾಗಿಸಬೇಕು ಎಂಬಲ್ಲಿ.

ಒಂದು ಮಾರುಕಟ್ಟೆ ಪ್ರದೇಶದಲ್ಲಿ 4,000 ಜನ ವಾಸವಿದ್ದಾರೆ, ದಿನಾ 60,000 ಜನ ಬಂದು ಹೋಗುತ್ತಾರೆ, ವರ್ಷಕ್ಕೆ 80 ಜೇಬುಗಳ್ಳತನ ಎಂದಿಟ್ಟುಕೊಳ್ಳಿ. ವಾಸಿಗಳ ಸಂಖ್ಯೆಯಿಂದ ಭಾಗಿಸಿದರೆ ಲಕ್ಷಕ್ಕೆ 2,000. ಅಲ್ಲಿ ಓಡಾಡುವ ಒಟ್ಟು 64,000 ಜನರಿಂದ ಭಾಗಿಸಿದರೆ 125. ಅದೇ ಜಾಗ, ಅದೇ 80 ಕಳ್ಳತನ. ವ್ಯಾಟಿಕನ್ ನಗರವನ್ನು ಆಗಾಗ “ಜಗತ್ತಿನಲ್ಲೇ ಅತಿ ಹೆಚ್ಚು ಅಪರಾಧ ದರದ ದೇಶ” ಎಂದು ಪತ್ರಿಕೆಗಳು ತಮಾಷೆಗೆ ಕರೆಯುವುದು ಇದರಿಂದಲೇ: ಸಾವಿರಕ್ಕೂ ಕಡಿಮೆ ನಿವಾಸಿಗಳು, ವರ್ಷಕ್ಕೆ ಲಕ್ಷಾಂತರ ಪ್ರವಾಸಿಗರು, ಅವರ ಹಿಂದೆ ಜೇಬುಗಳ್ಳರು.

ಮನೆಗಳ್ಳತನವನ್ನು ಸಾವಿರ ಮನೆಗೆ ಇಷ್ಟು ಎಂದೂ, ವಾಹನ ಕಳವನ್ನು ಸಾವಿರ ವಾಹನಕ್ಕೆ ಇಷ್ಟು ಎಂದೂ ಲೆಕ್ಕ ಹಾಕುವುದು ಸರಿ. ಮೇಲಿನ 12,000 ಜನ 3,200 ಮನೆಗಳಲ್ಲಿದ್ದರೆ ಸಾವಿರ ಮನೆಗೆ 5.6 ಕಳ್ಳತನ. ಅಂದರೆ ಇದೇ ದರ ಮುಂದುವರಿದರೆ ಒಂದು ಮನೆಗೆ ಸರಾಸರಿ 178 ವರ್ಷಕ್ಕೊಮ್ಮೆ. ದರವನ್ನು ಹೀಗೆ ತಿರುಗಿಸಿ ಓದಿದರೆ ಅದು ದೊಡ್ಡದೋ ಚಿಕ್ಕದೋ ಮನಸ್ಸಿಗೆ ಹತ್ತುತ್ತದೆ.

ಹೋದ ವರ್ಷ 9 ಕಳ್ಳತನ, ಈ ವರ್ಷ 14. ಶೇ 56 ಜಾಸ್ತಿ! ಹೆದರಬೇಕಲ್ವಾ?

ಸಣ್ಣ ಸಂಖ್ಯೆಗಳಿಗೆ ಶೇಕಡಾವಾರು ಅಂಗಿ ತೊಡಿಸಿದರೆ ಅವು ಯಾವಾಗಲೂ ದೈತ್ಯರಂತೆ ಕಾಣುತ್ತವೆ. ಕೈಲೆಕ್ಕ ಒಂದಿದೆ. ಎರಡೂ ವರ್ಷದ ಸಂಖ್ಯೆ ಕೂಡಿಸಿ (23), ಅದರ ವರ್ಗಮೂಲ ತೆಗೆಯಿರಿ (4.8), ಎರಡರಿಂದ ಗುಣಿಸಿ (9.6). ಎರಡು ವರ್ಷಗಳ ವ್ಯತ್ಯಾಸ ಇದಕ್ಕಿಂತ ಹೆಚ್ಚಿದ್ದರೆ ಮಾತ್ರ ಏನೋ ಬದಲಾಗಿದೆ ಎಂದು ಶಂಕಿಸಿ. ನಿಮ್ಮ ವ್ಯತ್ಯಾಸ 5. ಏನೂ ಬದಲಾಗದಿದ್ದರೂ ಇಷ್ಟು ಏರಿಳಿತ ತಾನಾಗಿ ಬರುತ್ತದೆ.

ಒಂದು ಎಚ್ಚರಿಕೆ. ಆ 14ರಲ್ಲಿ 6 ಒಂದೇ ತಿಂಗಳಲ್ಲಿ, ಒಂದೇ ಸಾಲಿನ ಮನೆಗಳಲ್ಲಿ, ಒಂದೇ ರೀತಿ ಹಿಂಬಾಗಿಲು ಮೀಟಿ ಆಗಿದ್ದರೆ ವರ್ಗಮೂಲ ಪಕ್ಕಕ್ಕಿಟ್ಟು ಹಿಂಬಾಗಿಲು ನೋಡಿಕೊಳ್ಳಿ.

ಪೊಲೀಸರ ಅಂಕಿ ನಂಬಬಹುದಾ? ಅರ್ಧಕ್ಕರ್ಧ ಜನ ದೂರೇ ಕೊಡಲ್ಲವಲ್ಲ.

ಅಪರಾಧವನ್ನು ನೋಡಿಕೊಂಡು ನಂಬಬೇಕು. ಕೊಲೆಯನ್ನು ಮುಚ್ಚಿಡುವುದು ಕಷ್ಟ. ಆ ಅಂಕಿ ಬಹುಮಟ್ಟಿಗೆ ಗಟ್ಟಿ. ವಾಹನ ಕಳವೂ ಗಟ್ಟಿ, ಏಕೆಂದರೆ ದೂರಿನ ಪ್ರತಿ ಇಲ್ಲದೆ ವಿಮೆ ಸಿಗುವುದಿಲ್ಲ. ಫೋನ್ ಕಳವು, ಬೀದಿಯ ಕಿರುಕುಳ, ಮನೆಯೊಳಗಿನ ಹೊಡೆತ, ಲೈಂಗಿಕ ದೌರ್ಜನ್ಯ ಇವುಗಳ ಅಂಕಿ ತೀರಾ ಸಡಿಲ. ದೂರು ಕೊಟ್ಟರೂ ಪ್ರಯೋಜನವಿಲ್ಲ ಅನ್ನಿಸುವುದು, ನಾಚಿಕೆ, ಮಾಡಿದವರು ಪರಿಚಿತರಾಗಿರುವುದು, ಹೀಗೆ ಕಾರಣಗಳು ಹತ್ತಾರು.

ಈ ಕಂದಕ ತುಂಬಲೆಂದೇ ಕೆಲವು ದೇಶಗಳಲ್ಲಿ ಮನೆಮನೆಗೆ ಹೋಗಿ “ಕಳೆದ ವರ್ಷ ನಿಮಗೇನಾದರೂ ಆಯಿತೇ?” ಎಂದು ಕೇಳುವ ಸಮೀಕ್ಷೆಗಳಿವೆ. ಅಮೆರಿಕದಲ್ಲಿ 1973ರಿಂದ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1982ರಿಂದ ನಡೆಯುತ್ತಿವೆ. ಅವುಗಳ ಸಂಖ್ಯೆ ಠಾಣೆಯ ಸಂಖ್ಯೆಗಿಂತ ಬಹಳ ದೊಡ್ಡದು.

ದಾಖಲಿಸುವ ನಿಯಮವೂ ಅಂಕಿಯನ್ನು ಬಗ್ಗಿಸುತ್ತದೆ. ಒಂದೇ ಘಟನೆಯಲ್ಲಿ ದರೋಡೆ, ಹಲ್ಲೆ, ಕೊಲೆ ಮೂರೂ ಆದರೆ ಹಲವು ಕಡೆ ಅತಿ ಗಂಭೀರವಾದ ಒಂದನ್ನಷ್ಟೇ ಎಣಿಸುತ್ತಾರೆ. ಭಾರತದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ಹೊರತರುವ ವರದಿಯೂ ಹೀಗೇ. ಸ್ವೀಡನ್‌ನಲ್ಲಿ ಒಬ್ಬ ವ್ಯಕ್ತಿಯ ಮೇಲೆ ಪದೇ ಪದೇ ಆದ ಕೃತ್ಯಗಳನ್ನು ಬೇರೆ ಬೇರೆಯಾಗಿ ಎಣಿಸುತ್ತಾರೆ. ಹಾಗಾಗಿ ದೇಶ ದೇಶಗಳನ್ನು ಸಾಲಾಗಿ ನಿಲ್ಲಿಸಿ ಕ್ರಮಾಂಕ ಕೊಡುವ ಪಟ್ಟಿಗಳಿಗೆ ಹೆಚ್ಚು ಬೆಲೆ ಕೊಡಬೇಡಿ. ಒಂದೇ ಠಾಣೆಯ, ಒಂದೇ ಬಗೆಯ ಅಪರಾಧದ, ಐದಾರು ವರ್ಷದ ಅಂಕಿಯನ್ನು ಹೋಲಿಸುವುದು ಅದಕ್ಕಿಂತ ಎಷ್ಟೋ ಮೇಲು. ಠಾಣೆಯೊಂದರಲ್ಲಿ ದೂರು ದಾಖಲಿಸುವುದು ಸುಲಭವಾದರೆ “ಅಪರಾಧ” ಏರಿದಂತೆ ಕಾಣುತ್ತದೆ ಎಂಬುದೂ ನೆನಪಿರಲಿ. ಅದು ಒಳ್ಳೆಯ ಏರಿಕೆ.

ಅಪರಾಧದ ಮ್ಯಾಪಲ್ಲಿ ನಮ್ಮ ಗೇಟಿನ ಮುಂದೇ ಚುಕ್ಕೆ ಇದೆ. ಇಲ್ಲಿ ಏನೂ ಆಗಿಲ್ಲವಲ್ಲ?

ಸಂತ್ರಸ್ತರ ಗುರುತು ಬಯಲಾಗದಿರಲೆಂದು ಘಟನೆಗಳನ್ನು ಹತ್ತಿರದ ಒಂದು ಗೊತ್ತುಮಾಡಿದ ಬಿಂದುವಿಗೆ ಸರಿಸಿ ತೋರಿಸುವುದು ಸಾಮಾನ್ಯ. ಬ್ರಿಟನ್‌ನ ಪೊಲೀಸ್ ನಕ್ಷೆ ಹೀಗೇ ಮಾಡುತ್ತದೆ. ವಿಳಾಸ ಸಿಗದ ಘಟನೆಗಳು ಕೆಲವೊಮ್ಮೆ ಠಾಣೆಯ ಮೇಲೋ ಪ್ರದೇಶದ ನಡುಬಿಂದುವಿನ ಮೇಲೋ ರಾಶಿ ಬೀಳುತ್ತವೆ. ಚುಕ್ಕೆ ಒತ್ತಿ ಒಂದೇ ಬಿಂದುವಿನಲ್ಲಿ ಎಷ್ಟು ಘಟನೆಗಳಿವೆ ನೋಡಿ. ಬಗೆಬಗೆಯ ಹತ್ತಾರು ಅಪರಾಧಗಳು ಕೂದಲೆಳೆಯಷ್ಟೂ ಅಲುಗದೆ ಒಂದೇ ಕಡೆ ಕೂತಿದ್ದರೆ ಅದು ನಕ್ಷೆಯ ಚಮತ್ಕಾರ.

## ಮನೆ ಹುಡುಕುವಾಗ

ಬಾಡಿಗೆಗೆ ಮನೆ ಹಿಡಿಯೋ ಮುಂಚೆ ಏನೇನು ನೋಡಬೇಕು? ಬ್ರೋಕರ್ ಅಂತೂ ಎಲ್ಲಾ ಚೆನ್ನಾಗಿದೆ ಅಂತಾನೆ.

ಬ್ರೋಕರ್ ನಿಮ್ಮನ್ನು ಕರೆದೊಯ್ಯುವುದು ಬೆಳಗ್ಗೆ ಹನ್ನೊಂದಕ್ಕೆ, ಬೀದಿ ತನ್ನ ಒಳ್ಳೆಯ ಮುಖ ತೋರುವ ಹೊತ್ತಿಗೆ. ನೀವೇ ಇನ್ನು ಮೂರು ಸಲ ಹೋಗಿ: ಕೆಲಸದ ದಿನ ಮಧ್ಯಾಹ್ನ ಎರಡರ ಸುಮಾರಿಗೆ, ರಾತ್ರಿ ಹತ್ತಕ್ಕೆ, ವಾರಾಂತ್ಯದ ತಡರಾತ್ರಿ ಒಮ್ಮೆ. ಗಾಡಿಯಲ್ಲಿ ಹೋಗಬೇಡಿ. ಬಸ್ ನಿಲ್ದಾಣದಿಂದಲೋ ರೈಲು ನಿಲ್ದಾಣದಿಂದಲೋ ಮನೆಯ ಬಾಗಿಲವರೆಗೆ, ನೀವು ದಿನಾ ನಡೆಯಲಿರುವ ದಾರಿಯಲ್ಲೇ ನಡೆಯಿರಿ.

ನಡೆಯುವಾಗ ಎಣಿಸಬೇಕಾದವು: ಬೀದಿಗೆ ತೆರೆದ ಕಿಟಕಿಗಳೆಷ್ಟು, ಕುರುಡು ಗೋಡೆಯ ಉದ್ದವೆಷ್ಟು, ಉರಿಯದ ದೀಪಗಳೆಷ್ಟು, ರಾತ್ರಿ ತೆರೆದಿರುವ ಅಂಗಡಿ ಕೊನೆಯದು ಎಲ್ಲಿ. ಆ ಕೊನೆಯ ಅಂಗಡಿಗೂ ಮನೆಗೂ ನಡುವಿನ ದೂರವೇ ನಿಮ್ಮ ನಿಜವಾದ ರಾತ್ರಿ ದಾರಿ. ಒಬ್ಬರೇ ಹೆಂಗಸರು, ವಯಸ್ಸಾದವರು, ಮಕ್ಕಳು ಆ ಹೊತ್ತಿಗೂ ಓಡಾಡುತ್ತಿದ್ದಾರೆಯೇ ನೋಡಿ. ಬಹಳ ಸಲ ಅಂಕಿಗಿಂತ ಅವರ ನಡಿಗೆ ಹೆಚ್ಚು ಹೇಳುತ್ತದೆ.

ಆಮೇಲೆ ವಿಚಾರಿಸಿ. “ಇಲ್ಲಿ ಸೇಫಾ?” ಎಂದರೆ “ಏನೂ ತೊಂದರೆ ಇಲ್ಲ” ಎಂಬ ಉತ್ತರ ಬರುತ್ತದೆ, ಯಾರೂ ತಮ್ಮ ಬೀದಿಯನ್ನು ಹಳಿಯುವುದಿಲ್ಲ. “ಬೈಕ್ ಹೊರಗೆ ಬಿಡ್ತೀರಾ, ಒಳಗೆ ತಗೋತೀರಾ?”, “ಎಷ್ಟು ಹೊತ್ತಿಗೆ ಗೇಟಿಗೆ ಬೀಗ ಹಾಕ್ತೀರಿ?”, “ಹಿಂದೆ ಇದ್ದವರು ಯಾಕೆ ಬಿಟ್ಟರು?” ಎಂದು ಕೇಳಿ. ಅಭ್ಯಾಸ ಸುಳ್ಳು ಹೇಳುವುದಿಲ್ಲ.

ಗೋಡೆ ಮೇಲೆ ಗೀಚಿರೋದು, ಕಸದ ರಾಶಿ, ಒಡೆದ ಗಾಜು ಇದ್ರೆ ಕೆಟ್ಟ ಏರಿಯಾ ಅಂತಾನಾ?

ಒಡೆದ ಒಂದು ಕಿಟಕಿಯನ್ನು ಸರಿಪಡಿಸದೆ ಬಿಟ್ಟರೆ ಉಳಿದವೂ ಒಡೆಯುತ್ತವೆ, ಸಣ್ಣ ಅವ್ಯವಸ್ಥೆ ದೊಡ್ಡ ಅಪರಾಧವನ್ನು ಕರೆದು ತರುತ್ತದೆ ಎಂಬ ವಾದವನ್ನು 1982ರಲ್ಲಿ ಜೇಮ್ಸ್ ವಿಲ್ಸನ್ ಮತ್ತು ಜಾರ್ಜ್ ಕೆಲ್ಲಿಂಗ್ ಮುಂದಿಟ್ಟರು. ಅದು ಬಹಳ ಜನಪ್ರಿಯವಾಯಿತು, ನಮ್ಮ ಅಭಿಪ್ರಾಯದಲ್ಲಿ ಅದರ ಯೋಗ್ಯತೆಗಿಂತ ಹೆಚ್ಚಾಗಿ. ಷಿಕಾಗೊದ ಬಡಾವಣೆಗಳನ್ನು ವಿವರವಾಗಿ ಅಳೆದ 1990ರ ದಶಕದ ಅಧ್ಯಯನಗಳಲ್ಲಿ ಕಸ, ಗೀಚಾಟಗಳಿಗಿಂತ ಮತ್ತೊಂದು ಅಂಶ ಹೆಚ್ಚು ತೂಗಿತು: ನೆರೆಯವರ ಮೇಲೆ ನೆರೆಯವರಿಗಿರುವ ನಂಬಿಕೆ ಮತ್ತು ಬೇಕಾದಾಗ ನಡುವೆ ಬಂದು ಮಾತಾಡುವ ರೂಢಿ. ಶಾಲೆ ತಪ್ಪಿಸಿ ಮೂಲೆಯಲ್ಲಿ ನಿಂತ ಹುಡುಗರನ್ನು ಯಾರಾದರೂ “ಏನ್ರೋ ಇಲ್ಲಿ?” ಎಂದು ಕೇಳುತ್ತಾರೆಯೇ? ಗೋಡೆ ಹಾಳುಮಾಡುವವರನ್ನು ತಡೆಯುತ್ತಾರೆಯೇ? ಕೇಳುವ ಬೀದಿ ಬಡವರದ್ದಾದರೂ, ಗೋಡೆ ಸುಣ್ಣ ಕಾಣದಿದ್ದರೂ ಹಿಂಸೆ ಕಡಿಮೆ.

ಹಾಗೆಂದು ಪಾಳುಬಿದ್ದ ನಿವೇಶನವನ್ನು ಕಡೆಗಣಿಸಬೇಡಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 541 ಖಾಲಿ ನಿವೇಶನಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ವಿಂಗಡಿಸಿ, ಕೆಲವನ್ನು ಶುಚಿ ಮಾಡಿ ಹುಲ್ಲು, ಗಿಡ, ತಗ್ಗಿನ ಬೇಲಿ ಹಾಕಿದರು. ಬಡ ಪ್ರದೇಶಗಳಲ್ಲಿ ಅಂಥ ನಿವೇಶನಗಳ ಸುತ್ತ ಬಂದೂಕಿನ ಹಿಂಸೆ ಶೇ 29ರಷ್ಟು ಇಳಿಯಿತು ಎಂದು 2018ರ ವರದಿ ಹೇಳಿತು. ಪೊದೆಯೊಳಗೆ ಬಂದೂಕು ಬಚ್ಚಿಡಲು ಜಾಗ ಇಲ್ಲದಾದದ್ದೂ ಒಂದು ಕಾರಣವಿರಬಹುದು.

ನೆಲಮಹಡಿ ಬೇಡ, ಮೇಲಿನ ಮಹಡಿ ಸೇಫ್ ಅಂತಾರೆ. ನಿಜಾನಾ?

ಕಿಟಕಿಯ ಮಟ್ಟಿಗೆ ನಿಜ. ಆದರೆ ಕೊನೆಯ ಮಹಡಿಗೆ ತಾರಸಿಯಿಂದ ಇಳಿಯುವ ದಾರಿಯಿದೆ, ನಡುವಿನ ಮಹಡಿಗೆ ನೀರಿನ ಪೈಪು ಮತ್ತು ಪಕ್ಕದ ಕಟ್ಟಡದ ಸಜ್ಜೆ. ತಾರಸಿ ಬಾಗಿಲಿನ ಬೀಗ, ಬಾಲ್ಕನಿಯ ಜಾರುಬಾಗಿಲು ಇವೆರಡನ್ನು ನೋಡದೆ ಮುಂಗಡ ಕೊಡಬೇಡಿ.

## ಬಾಗಿಲು, ಕ್ಯಾಮೆರಾ, ಕಳ್ಳತನ

ಬಾಗಿಲಿಗೆ ದುಬಾರಿ ಲಾಕ್ ಹಾಕಿಸಿದ್ದೀನಿ. ಸಾಕಲ್ವಾ?

ಲಾಕ್ ಗಟ್ಟಿಯಿದ್ದಷ್ಟೂ ಬಾಗಿಲು ಬೇರೆಡೆ ಮುರಿಯುತ್ತದೆ. ಒದೆತಕ್ಕೆ ಮೊದಲು ಸೋಲುವುದು ಚೌಕಟ್ಟು.

ಈಗಲೇ ಬಾಗಿಲು ತೆರೆದು ಚೌಕಟ್ಟಿನ ಕಡೆ ನೋಡಿ. ಲಾಕಿನ ನಾಲಿಗೆ ಹೋಗಿ ಕೂರುವ ಲೋಹದ ಪಟ್ಟಿಗೆ ಎರಡು ಸ್ಕ್ರೂಗಳಿರುತ್ತವೆ. ಒಂದನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಳ್ಳಿ. ಬಹಳ ಕಡೆ ಅದು ಉಗುರಿನಷ್ಟುದ್ದ, 15–20 ಮಿಲಿಮೀಟರ್. ಇಡೀ ಬಾಗಿಲನ್ನು ಹಿಡಿದಿರುವುದು ಅದೇ. ಆ ಜಾಗಕ್ಕೆ 75 ಮಿಲಿಮೀಟರಿನ ಸ್ಕ್ರೂ ಹಾಕಿಸಿದರೆ ಅದು ಮರದ ಆಳಕ್ಕೆ, ಸಾಧ್ಯವಾದ ಕಡೆ ಗೋಡೆಯವರೆಗೆ ಹೋಗಿ ಕಚ್ಚುತ್ತದೆ. ಪಟ್ಟಿಯೂ ಉದ್ದನೆಯದಾಗಿ ನಾಲ್ಕಾರು ತೂತಿನದಾಗಿದ್ದರೆ ಹೊಡೆತ ಒಂದೇ ಕಡೆ ಬೀಳುವುದಿಲ್ಲ. ಮರ ಸೀಳದಂತೆ ಮೊದಲು ಸಣ್ಣ ತೂತು ಕೊರೆದೇ ಸ್ಕ್ರೂ ತಿರುಗಿಸಬೇಕು. ಅವಸರದಲ್ಲಿ ಸುತ್ತಿಗೆಯಿಂದ ಬಡಿದು ಕೂರಿಸಿದರೆ ಚೌಕಟ್ಟೇ ಬಿರುಕು ಬಿಟ್ಟು ಮೊದಲಿಗಿಂತ ಬಡವಾಗುತ್ತದೆ.

ಜೊತೆಗೆ ಇಷ್ಟು ಪರೀಕ್ಷಿಸಿ. ಬೀಗದ ನಾಲಿಗೆ ಕನಿಷ್ಠ 25 ಮಿಲಿಮೀಟರ್ ಹೊರಬರಬೇಕು. ಸಿಲಿಂಡರ್ ಲಾಕ್ ಆದರೆ ಅದರ ಮೂತಿ ಹೊರಗಿನ ಫಲಕಕ್ಕಿಂತ 3 ಮಿಲಿಮೀಟರಿಗಿಂತ ಹೆಚ್ಚು ಚಾಚಿರಬಾರದು. ಚಾಚಿದರೆ ಇಕ್ಕಳದಿಂದ ಹಿಡಿದು ಮುರಿಯುತ್ತಾರೆ. ಹೊರಕ್ಕೆ ತೆರೆಯುವ ಬಾಗಿಲಿನ ಕೀಲುಗಳ ಪಿನ್ ಹೊರಗೇ ಇರುತ್ತದೆ, ಅದನ್ನು ಕಳಚಿದರೆ ಲಾಕ್ ಕಡೆ ತಿರುಗಿಯೂ ನೋಡಬೇಕಿಲ್ಲ. ಒಳಗಿನಿಂದ ಕಿಟಕಿ ಸರಳುಗಳಿಗೆ ಕಾಯಂ ಬೀಗ ಜಡಿಯುವವರು ಒಂದು ಕಿಟಕಿಯನ್ನಾದರೂ ಒಳಗಿನಿಂದ ತೆರೆಯುವಂತೆ ಬಿಡಿ. ಬೆಂಕಿ ಬಿದ್ದ ದಿನ ಕಳ್ಳನಿಗೆ ಹಾಕಿದ ಬೇಲಿ ಮನೆಯವರಿಗೇ ಬಲೆಯಾಗುತ್ತದೆ.

ಮುಂಬಾಗಿಲಿಗೆ ಸಾವಿರಾರು ಸುರಿದು, ಹಿಂಬಾಗಿಲನ್ನು ಒಂದು ಚಿಲಕದ ಭರವಸೆಯಲ್ಲಿ ಬಿಡುವುದು ಸಾಮಾನ್ಯ ತಪ್ಪು.

ಸಿಸಿಟಿವಿ ಹಾಕಿಸಿದ್ವಿ. ಕಳ್ಳತನ ಆಯ್ತು, ನೋಡಿದ್ರೆ ಮುಖಾನೇ ಕಾಣಲ್ಲ. ಏನು ತಪ್ಪಾಯ್ತು?

ಬಹುಶಃ ಕ್ಯಾಮೆರಾವನ್ನು ಎತ್ತರದಲ್ಲಿ, ಅಗಲ ನೋಟಕ್ಕೆ ಹಾಕಿದ್ದಾರೆ. ಅಪರಿಚಿತನ ಗುರುತು ಹಿಡಿಯಲು ಚಿತ್ರದಲ್ಲಿ ಪ್ರತಿ ಮೀಟರ್ ಅಗಲಕ್ಕೆ ಸುಮಾರು 250 ಪಿಕ್ಸೆಲ್ ಬೇಕು. ಪರಿಚಿತನನ್ನು ಗುರುತಿಸಲು ಅದರ ಅರ್ಧ ಸಾಕು. 1920 ಪಿಕ್ಸೆಲ್ ಅಗಲದ ಕ್ಯಾಮೆರಾ ಏಳೂವರೆ ಮೀಟರ್ ಅಗಲದ ನೋಟವನ್ನಷ್ಟೇ ಈ ಮಟ್ಟದಲ್ಲಿ ಕೊಡಬಲ್ಲದು. ಅದನ್ನೇ ಇಡೀ ಬೀದಿ ಕಾಣುವಂತೆ ತಿರುಗಿಸಿದರೆ ಸಿಗುವುದು ಟೋಪಿ ಹಾಕಿದ ಒಂದು ಚುಕ್ಕೆ. ಅಗಲ ನೋಟಕ್ಕೆ ಒಂದು ಇರಲಿ, ಬಾಗಿಲ ಬಳಿ ಎರಡೂಕಾಲರಿಂದ ಎರಡೂವರೆ ಮೀಟರ್ ಎತ್ತರದಲ್ಲಿ ಮುಖಕ್ಕೆಂದೇ ಇನ್ನೊಂದು ಇರಲಿ.

ರಾತ್ರಿ ಚಿತ್ರ ಬೆಳ್ಳಗೆ ಮಂಜಾಗಿದ್ದರೆ ಮೊದಲು ಗಾಜಿನ ಮುಂದೆ ಜೇಡರ ಬಲೆ ನೋಡಿ. ಕ್ಯಾಮೆರಾದ ಸುತ್ತ ಹುಳ ಬರುತ್ತವೆ, ಹುಳ ಹಿಡಿಯಲು ಜೇಡ ಬರುತ್ತದೆ, ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ಆ ಎಳೆಗೆ ಬಡಿದು ಹಿಂದಿರುಗುತ್ತದೆ. ತಿಂಗಳಿಗೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ.

ಸಂಗ್ರಹದ ಲೆಕ್ಕ: ಸೆಕೆಂಡಿಗೆ 4 ಮೆಗಾಬಿಟ್ ದಾಖಲಿಸುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 43 ಗಿಗಾಬೈಟ್ ನುಂಗುತ್ತದೆ, 30 ದಿನಕ್ಕೆ 1.3 ಟೆರಾಬೈಟ್. ನಾಲ್ಕು ಕ್ಯಾಮೆರಾಕ್ಕೆ 1 ಟೆರಾಬೈಟ್ ಡಿಸ್ಕ್ ಹಾಕಿಸಿದ್ದರೆ ಆರು ದಿನ ಮುಗಿಯುವ ಮೊದಲೇ ಹಳೆಯದರ ಮೇಲೆ ಹೊಸದು ಬರೆಯುತ್ತದೆ. ವಾರ ಕಳೆದು ಊರಿಂದ ಬಂದವರಿಗೆ ಸಿಗುವುದು ಖಾಲಿ ಬೀದಿಯ ಸಿನಿಮಾ. ಗಡಿಯಾರ ಸರಿಯಿದೆಯೇ, ಕೊಟ್ಟಾಗಿನ ಪಾಸ್‌ವರ್ಡ್ ಬದಲಿಸಿದ್ದೀರಾ ಎಂಬುದನ್ನೂ ನೋಡಿ.

ಕ್ಯಾಮೆರಾ ಅಪರಾಧ ತಡೆಯುತ್ತದೆಯೇ? ನಾಲ್ಕು ದಶಕಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2019ರ ಪರಿಶೀಲನೆಯ ಪ್ರಕಾರ ಸರಾಸರಿ ಶೇ 13ರಷ್ಟು ಇಳಿಕೆ. ಪಾರ್ಕಿಂಗ್ ಜಾಗಗಳಲ್ಲಿ ಫಲ ಹೆಚ್ಚು, ಹಿಂಸೆಯ ಅಪರಾಧಗಳ ಮೇಲೆ ಗುರುತಿಸುವಂಥ ಪರಿಣಾಮ ಇಲ್ಲ. ಕುಡಿದು ಹೊಡೆದಾಡುವವನು ತಲೆಯೆತ್ತಿ ನೋಡುವುದಿಲ್ಲ.

ಒಂದ್ಸಲ ನಮ್ಮನೇಲಿ ಕಳ್ಳತನ ಆಗಿದೆ. ಇನ್ನು ಬರಲ್ಲ ಅಲ್ವಾ?

ಹಾಗೆಂದು ಕೂರಬೇಡಿ. ಮನೆಗಳ್ಳತನದಲ್ಲಿ ಅತಿ ಗಟ್ಟಿಯಾಗಿ ಸಾಬೀತಾದ ಸಂಗತಿಗಳಲ್ಲಿ ಇದೊಂದು: ಒಮ್ಮೆ ಕಳ್ಳತನವಾದ ಮನೆಗೆ ಅಪಾಯ ಹೆಚ್ಚು, ಅದರಲ್ಲೂ ಮೊದಲ ಕೆಲವು ವಾರ. ಕಳ್ಳನಿಗೆ ದಾರಿ ಗೊತ್ತಿದೆ, ಬಿಟ್ಟುಹೋದ ಸಾಮಾನು ಗೊತ್ತಿದೆ, ನೀವು ಹೊಸ ಟಿವಿ ತರುತ್ತೀರಿ ಎಂಬುದೂ ಗೊತ್ತಿದೆ. ಐದು ದೇಶಗಳ ಹತ್ತು ಪ್ರದೇಶಗಳ ದಾಖಲೆ ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕಳ್ಳತನವಾದ ಮನೆಯ ಸುತ್ತ ಸುಮಾರು 200 ಮೀಟರಿನೊಳಗೆ, ಎರಡು ವಾರಗಳವರೆಗೆ ನೆರೆಮನೆಗಳಿಗೂ ಅಪಾಯ ಏರಿರುತ್ತದೆ ಎಂದು ಅದು ತೋರಿಸಿತು.

ಇದನ್ನೇ ಹಿಡಿದು ಇಂಗ್ಲೆಂಡಿನ ರಾಚ್‌ಡೇಲ್‌ನ ಕರ್ಕ್‌ಹೋಲ್ಟ್ ಎಂಬ ವಸತಿ ಪ್ರದೇಶದಲ್ಲಿ 1980ರ ದಶಕದಲ್ಲಿ ಒಂದು ಕೆಲಸ ನಡೆಯಿತು. ಎಲ್ಲ ಮನೆಗಳನ್ನು ಕಾಯುವ ಬದಲು ಕಳ್ಳತನವಾದ ಮನೆಯ ಮೇಲಷ್ಟೇ ಗಮನ: ಕೂಡಲೇ ಬೀಗ ದುರಸ್ತಿ, ನಾಣ್ಯ ಹಾಕುವ ವಿದ್ಯುತ್ ಮೀಟರುಗಳ ತೆರವು (ಕಳ್ಳರಿಗೆ ಅವೇ ಹುಂಡಿಗಳಾಗಿದ್ದವು), ಅಕ್ಕಪಕ್ಕದ ಐದಾರು ಮನೆಯವರು ಆ ಮನೆಯ ಮೇಲೊಂದು ಕಣ್ಣಿಡುವುದು. ಮೂರು ವರ್ಷದಲ್ಲಿ ಕಳ್ಳತನ ಸುಮಾರು ಶೇ 75ರಷ್ಟು ಇಳಿಯಿತು. ನಿಮ್ಮ ಸಂಘದ ಬಳಿ ಹಣ ಕಡಿಮೆಯಿದ್ದರೆ ಖರ್ಚು ಮಾಡಬೇಕಾದ ಜಾಗ ಇದೇ.

ಮನೆಗೆ ಬಂದಾಗ ಬಾಗಿಲು ಒಡೆದಿತ್ತು ಅಂದ್ರೆ ಮೊದಲು ಏನು ಮಾಡಬೇಕು?

ಒಳಗೆ ಹೋಗಬೇಡಿ, ಕಳ್ಳ ಇನ್ನೂ ಅಲ್ಲೇ ಇರಬಹುದು. ಬೀದಿಗೆ ಬಂದು ಪೊಲೀಸರಿಗೆ ಕರೆ ಮಾಡಿ. ಅವರು ನೋಡುವವರೆಗೆ ಬೀರು, ಡ್ರಾಯರ್, ಚಿಲಕ ಮುಟ್ಟಬೇಡಿ, ಗುಡಿಸಬೇಡಿ. ಕಾಯುವ ಹೊತ್ತಿನಲ್ಲಿ ಕಾರ್ಡು, ಚೆಕ್ ಪುಸ್ತಕ, ಸಿಮ್ ತಡೆಹಿಡಿಸಿ. ಎದುರು ಮನೆಯವರಿಗೆ ಹೇಳಿ ಅವರ ಕ್ಯಾಮೆರಾ ದೃಶ್ಯ ಅಳಿಯುವ ಮೊದಲು ಉಳಿಸಿಸಿ. ಹೋದ ವಸ್ತುಗಳ ಪಟ್ಟಿಗೆ ಸರಣಿ ಸಂಖ್ಯೆ, ಫೋನಿನ ಐಎಂಇಐ ಸಂಖ್ಯೆ ಸೇರಿಸಿ. ಇದಕ್ಕಾಗಿಯೇ ಡಬ್ಬದ ಮೇಲಿನ ಚೀಟಿಯ ಫೋಟೊ ಈಗಲೇ ತೆಗೆದಿಡಿ. ದೂರಿನ ಪ್ರತಿ ಅಥವಾ ಸಂಖ್ಯೆ ಪಡೆಯದೆ ಠಾಣೆಯಿಂದ ಏಳಬೇಡಿ. ಬಿಡಿ ಕೀಲಿ ಕಾಣೆಯಾಗಿದ್ದರೆ ಅದೇ ದಿನ ಲಾಕ್ ಬದಲಿಸಿ.

## ಬೀದಿಯಲ್ಲಿ

ರಾತ್ರಿ ಒಬ್ಬಳೇ ನಡೆದು ಬರ್ತೀನಿ. ಯಾರೋ ಹಿಂದೆ ಬರ್ತಿದ್ದಾರೆ ಅನ್ನಿಸಿದ್ರೆ?

ರಸ್ತೆ ದಾಟಿ. ಅವನೂ ದಾಟಿದರೆ ಮತ್ತೆ ದಾಟಿ. ಎರಡನೇ ಸಲವೂ ಹಿಂದೆ ಬಂದರೆ ಅನುಮಾನ ಉಳಿಯುವುದಿಲ್ಲ. ಮನೆಗೆ ಹೋಗಬೇಡಿ, ಮನೆ ತೋರಿಸಿಕೊಟ್ಟಂತಾಗುತ್ತದೆ. ಬೆಳಕಿದ್ದು ಜನರಿರುವ ಕಡೆ ಹೊಕ್ಕು ಅಲ್ಲಿಂದ ಕರೆ ಮಾಡಿ. ಕೂಗಬೇಕಾದರೆ ಗುಂಪಿಗೆ ಕೂಗಬೇಡಿ, ಒಬ್ಬರನ್ನು ಗುರಿಮಾಡಿ: “ನೀಲಿ ಶರ್ಟಿನವರೇ, ಪೊಲೀಸರಿಗೆ ಫೋನ್ ಮಾಡಿ.” ಎಲ್ಲರಿಗೂ ಹೇಳಿದ ಮಾತನ್ನು ಇನ್ನೊಬ್ಬರು ಮಾಡಲಿ ಎಂದು ಪ್ರತಿಯೊಬ್ಬರೂ ಕಾಯುತ್ತಾರೆ.

ದಿನನಿತ್ಯಕ್ಕೆ: ವಾಹನಗಳು ಎದುರಿನಿಂದ ಬರುವ ಬದಿಯಲ್ಲಿ ನಡೆಯಿರಿ, ಬ್ಯಾಗು ರಸ್ತೆಯ ಕಡೆಯ ಭುಜದಲ್ಲಿ ಬೇಡ, ತಿರುವಿನಲ್ಲಿ ಫೋನ್ ಕೈಯಲ್ಲಿ ಬೇಡ. ಬ್ಯಾಗು ಎಳೆದರೆ ಬಿಟ್ಟುಬಿಡಿ, ಗಾಡಿಯ ಹಿಂದೆ ಎಳೆದೊಯ್ದು ಬೀಳಿಸಿದ ಗಾಯ ಬ್ಯಾಗಿಗಿಂತ ದುಬಾರಿ. ಇವು ಉಪಾಯಗಳು, ಅಷ್ಟೇ. ಇವನ್ನು ಪಾಲಿಸದವರ ಮೇಲೆ ತಪ್ಪು ಹೊರಿಸಲು ಬಳಸುವವರಿಗೆ ನಮ್ಮ ಸಮ್ಮತಿಯಿಲ್ಲ.

ಬೀದಿ ದೀಪ ಜಾಸ್ತಿ ಹಾಕಿದ್ರೆ ಕಳ್ಳರು ಕಡಿಮೆ ಆಗ್ತಾರಾ?

ಆಗಬಹುದು. ನ್ಯೂಯಾರ್ಕಿನ ಸರ್ಕಾರಿ ವಸತಿ ಸಂಕೀರ್ಣಗಳಲ್ಲಿ 2016ರಲ್ಲಿ ತಾತ್ಕಾಲಿಕ ದೀಪದ ಗೋಪುರಗಳನ್ನು ಯಾದೃಚ್ಛಿಕವಾಗಿ ಹಂಚಿ ನಿಲ್ಲಿಸಿದಾಗ ರಾತ್ರಿ ಹೊರಾಂಗಣದ ಗಂಭೀರ ಅಪರಾಧ ಶೇ 36ರಷ್ಟು ಇಳಿಯಿತು. ಆದರೆ ಕಣ್ಣು ಕೋರೈಸುವ ಒಂದು ದೀಪಕ್ಕಿಂತ ಸಮನಾಗಿ ಹರಡಿದ ನಾಲ್ಕು ಸಾಧಾರಣ ದೀಪ ಮೇಲು. ಪ್ರಖರ ದೀಪದ ಪಕ್ಕದ ನೆರಳು ಕಾಡಿಗೆಯಂತಿರುತ್ತದೆ. ಪರೀಕ್ಷೆ ಸರಳ: ರಾತ್ರಿ ಇಬ್ಬರು ಹೋಗಿ, ನಾಲ್ಕು ಮೀಟರ್ ದೂರದಲ್ಲಿ ನಿಂತವರ ಮುಖಭಾವ ಓದಲು ಆಗುತ್ತದೆಯೇ ನೋಡಿ. ಆಗದ ಜಾಗಕ್ಕೆ ಗುರುತು ಹಾಕಿ, ಕಂಬದ ಸಂಖ್ಯೆಯೊಂದಿಗೆ ದೂರು ಕೊಡಿ. ಅರ್ಧ ಸಲ ಬೇಕಾಗುವುದು ಹೊಸ ದೀಪವಲ್ಲ, ದೀಪ ಮುಚ್ಚಿದ ಕೊಂಬೆ ಕಡಿಯುವುದು. ಪೊದೆ ಸೊಂಟದ ಕೆಳಗೆ, ಕೊಂಬೆ ಎರಡು ಮೀಟರಿನ ಮೇಲೆ ಇದ್ದರೆ ನಡುವೆ ಕಣ್ಣಿಗೆ ದಾರಿ ಸಿಗುತ್ತದೆ.

ನಮ್ಮ ವಾಟ್ಸ್‌ಆ್ಯಪ್ ಗ್ರೂಪಲ್ಲಿ ದಿನಾ “ಅನುಮಾನಾಸ್ಪದ ವ್ಯಕ್ತಿ” ಫೋಟೊ ಬರುತ್ತೆ. ಇದರಿಂದ ಉಪಯೋಗ ಇದೆಯಾ?

ಬಹುಪಾಲು ಇಲ್ಲ, ಅಪಾಯವಂತೂ ಇದೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಫೋನಿಂದ ಫೋನಿಗೆ ಹಬ್ಬಿ ಭಾರತದ ಹಲವೆಡೆ ಅಮಾಯಕರನ್ನು ಹೊಡೆದು ಕೊಂದರು. ಒಂದು ಸಂದೇಶವನ್ನು ಐದು ಕಡೆಗಷ್ಟೇ ಮುಂದೂಡುವ ಮಿತಿ ಬಂದದ್ದು ಆಮೇಲೆ. ಗುಂಪಿಗೆ ಒಂದು ನಿಯಮ ಸಾಕು: ವ್ಯಕ್ತಿ ಯಾರಂತೆ ಕಂಡ ಎಂಬುದು ಬೇಡ, ಏನು ಮಾಡಿದ ಎಂಬುದು ಬೇಕು. “ಮೂರನೇ ಅಡ್ಡರಸ್ತೆ, 2.40, ಮೂರು ಗೇಟಿನ ಚಿಲಕ ಎತ್ತಿ ನೋಡಿದ” ಎಂಬುದು ಸುದ್ದಿ. “ಈ ಏರಿಯಾದವನ ಹಾಗೆ ಇಲ್ಲ” ಎಂಬುದು ಪೂರ್ವಗ್ರಹ. ಫೋಟೊ ಠಾಣೆಗೆ ಹೋಗಲಿ, ಗುಂಪಿಗೆ ಬೇಡ.

ನನಗೆ ಭಯ ಜಾಸ್ತಿ. ಮನೆಯವರು ನಗ್ತಾರೆ, ಅಂಕಿ ತೋರಿಸ್ತಾರೆ.

ಸಮೀಕ್ಷೆಗಳಲ್ಲಿ ಬೀದಿ ಹಿಂಸೆಗೆ ಹೆಚ್ಚು ಸಿಗುವವರು ಯುವಕರು, ಹೆಚ್ಚು ಹೆದರುವವರು ಹೆಂಗಸರು ಮತ್ತು ವಯಸ್ಸಾದವರು. ಇದನ್ನು ಹೆದರಿಕೆಯ ತಪ್ಪೆಂದು ನಗುವವರು ಎರಡು ಮರೆಯುತ್ತಾರೆ: ಕಿರುಕುಳ ಅಂಕಿಗೇ ಬರುವುದಿಲ್ಲ, ಮತ್ತು ಎಪ್ಪತ್ತರ ವಯಸ್ಸಿನಲ್ಲಿ ಒಮ್ಮೆ ತಳ್ಳಿಸಿಕೊಂಡು ಬಿದ್ದರೆ ಸೊಂಟ ಮುರಿಯುತ್ತದೆ. ಭಯವನ್ನು ಒಂದು ಜಾಗಕ್ಕೆ, ಒಂದು ಹೊತ್ತಿಗೆ ಕಟ್ಟಿಹಾಕಿ ಬರೆದು ನೋಡಿ. “ಏರಿಯಾ ಸರಿಯಿಲ್ಲ” ಎಂಬುದಕ್ಕೆ ಮದ್ದಿಲ್ಲ. “ರೈಲ್ವೆ ಕೆಳಸೇತುವೆ, ಎಂಟರ ನಂತರ” ಎಂಬುದಕ್ಕೆ ಇದೆ.

## ಇನ್ನೂ ಆಳಕ್ಕೆ

ಪೊಲೀಸ್ ಗಾಡಿ ರಾತ್ರಿಯಿಡೀ ಸುತ್ತಿದ್ರೆ ಸಾಕಲ್ವಾ? ಅದನ್ನೇ ಕೇಳ್ತಿದ್ದೀವಿ.

ಕೇಳುವುದನ್ನು ಸ್ವಲ್ಪ ಬದಲಿಸಿ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972–73ರಲ್ಲಿ 15 ಬೀಟ್‌ಗಳನ್ನು (ಪೊಲೀಸ್ ಗಸ್ತಿನ ವಲಯಗಳನ್ನು) ಮೂರು ಗುಂಪು ಮಾಡಿದರು. ಒಂದರಲ್ಲಿ ಕರೆ ಬಂದಾಗ ಮಾತ್ರ ಗಾಡಿ, ಒಂದರಲ್ಲಿ ಎಂದಿನಂತೆ, ಇನ್ನೊಂದರಲ್ಲಿ ಎರಡು ಮೂರು ಪಟ್ಟು. ವರ್ಷದ ಕೊನೆಗೆ ಅಪರಾಧದಲ್ಲೂ ಜನರ ಭಯದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ದಿಕ್ಕಿಲ್ಲದ ಸುತ್ತಾಟ ಕೆಲಸ ಮಾಡಲಿಲ್ಲ. ನೆವಾರ್ಕ್‌ನಲ್ಲಿ ಕಾಲ್ನಡಿಗೆ ಗಸ್ತು ಹಾಕಿದಾಗ ಅಪರಾಧ ಇಳಿಯಲಿಲ್ಲ, ಭಯ ಇಳಿಯಿತು. ಅದೂ ಸಣ್ಣದಲ್ಲ. 2009ರಲ್ಲಿ ಫಿಲಡೆಲ್ಫಿಯಾದ ಅತಿ ಹಿಂಸೆಯ ಮೂಲೆಗಳಿಗೇ ಆಯ್ದು ಕಾಲ್ನಡಿಗೆಯಲ್ಲಿ ಕಳಿಸಿದಾಗ ಹಿಂಸೆಯೂ ಇಳಿಯಿತು.

ಒಂದು ಜಾಗದಲ್ಲಿ ಪೊಲೀಸರು 10ರಿಂದ 15 ನಿಮಿಷ ನಿಂತರೆ ಹೋದ ಮೇಲೂ ಅದರ ಪರಿಣಾಮ ಉಳಿಯುತ್ತದೆ, ಅದಕ್ಕಿಂತ ಹೆಚ್ಚು ನಿಂತರೆ ಲಾಭ ಬೆಳೆಯುವುದಿಲ್ಲ ಎಂಬುದು 1995ರ ಒಂದು ವಿಶ್ಲೇಷಣೆ ಕೊಟ್ಟ ಸೂತ್ರ. ಹಾಗಾಗಿ ಮನವಿಯಲ್ಲಿ ಹೀಗೆ ಬರೆಯಿರಿ: ಈ ಎರಡು ತಿರುವು, ಸಂಜೆ ಏಳರಿಂದ ಹನ್ನೊಂದರ ನಡುವೆ, ಹೊತ್ತು ಗೊತ್ತಾಗದಂತೆ ಮೂರು ಸಲ, ಪ್ರತಿ ಸಲ 15 ನಿಮಿಷ, ಗಾಡಿಯಿಂದ ಇಳಿದು. ಹೀಗೆ ಬರೆದ ಮನವಿಗೆ “ನೋಡೋಣ” ಎಂಬ ಉತ್ತರ ಕೊಡುವುದು ಕಷ್ಟ.

ಇಲ್ಲಿಂದ ಓಡಿಸಿದ್ರೆ ಪಕ್ಕದ ಬೀದಿಗೆ ಹೋಗ್ತಾರೆ, ಅಷ್ಟೇ ಅಲ್ವಾ?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. 102 ಮೌಲ್ಯಮಾಪನಗಳನ್ನು ಒಟ್ಟಿಗೆ ನೋಡಿದ 2009ರ ಪರಿಶೀಲನೆಯಲ್ಲಿ ಅಪರಾಧ ಬೇರೆಡೆ ಸರಿದದ್ದು ನಾಲ್ಕರಲ್ಲಿ ಒಂದು ಪಾಲು ಅವಲೋಕನಗಳಲ್ಲಿ ಮಾತ್ರ. ಹೆಚ್ಚುಕಡಿಮೆ ಅಷ್ಟೇ ಪಾಲಿನಲ್ಲಿ ಅಕ್ಕಪಕ್ಕಕ್ಕೂ ಒಳಿತೇ ಹರಡಿತ್ತು. ಕಳ್ಳನಿಗೂ ಪರಿಚಿತ ದಾರಿ, ಪರಿಚಿತ ಹೊತ್ತು ಬೇಕು. ಸುಲಭದ ಅವಕಾಶ ಕೈತಪ್ಪಿದಾಗ ಎಲ್ಲರೂ ಹೊಸದನ್ನು ಹುಡುಕಿಕೊಂಡು ಹೋಗುವುದಿಲ್ಲ.

ಯಾವ ಬೀದೀಲಿ ಕಳ್ಳತನ ಆಗುತ್ತೆ ಅಂತ ಕಂಪ್ಯೂಟರೇ ಮೊದಲೇ ಹೇಳುತ್ತಂತೆ?

ಹಳೆಯ ದಾಖಲೆಯನ್ನು ಉಣಿಸಿ ಮುಂದಿನ ಜಾಗ ಊಹಿಸುವ ತಂತ್ರಾಂಶಗಳಿವೆ. ತೊಡಕಿರುವುದು ಊಟದಲ್ಲೇ: ಪೊಲೀಸರು ಹೆಚ್ಚು ಹೋದ ಕಡೆ ಹೆಚ್ಚು ದಾಖಲಾಗುತ್ತದೆ, ಹೆಚ್ಚು ದಾಖಲಾದ ಕಡೆಗೆ ತಂತ್ರಾಂಶ ಮತ್ತೆ ಅವರನ್ನೇ ಕಳಿಸುತ್ತದೆ. ಇದನ್ನು ಮೊದಲು ಅಪ್ಪಿಕೊಂಡ ನಗರಗಳಲ್ಲೊಂದಾದ ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ರೂಜ್ 2020ರಲ್ಲಿ ಅದನ್ನೇ ನಿಷೇಧಿಸಿತು.

ನಮ್ಮ ಬೀದಿಯ ಲೆಕ್ಕ ನಾವೇ ಇಟ್ಕೋಬೇಕು ಅಂದ್ರೆ ಹೇಗೆ ಶುರು ಮಾಡೋದು?

ಒಂದು ಪುಸ್ತಕ, ಏಳು ಕಂಬಸಾಲು: ದಿನಾಂಕ, ವಾರ, ಹೊತ್ತು, ಜಾಗ (ಕಂಬದ ಸಂಖ್ಯೆ ಅಥವಾ ಎರಡು ಗೇಟುಗಳ ನಡುವೆ), ಏನಾಯಿತು, ಹೇಗೆ ಒಳಬಂದರು, ದೂರು ದಾಖಲಾಯಿತೇ. ಹೊತ್ತು ಗೊತ್ತಿಲ್ಲದಿದ್ದರೆ “ಬೆಳಗ್ಗೆ 9ರಿಂದ ಸಂಜೆ 6ರ ನಡುವೆ” ಎಂದು ಎರಡೂ ತುದಿ ಬರೆಯಿರಿ. ಕಂಡುಕೊಂಡ ಹೊತ್ತನ್ನೇ ಕಳ್ಳತನದ ಹೊತ್ತೆಂದು ಬರೆದರೆ ಎಲ್ಲ ಕಳ್ಳತನವೂ ಸಂಜೆ ಆರಕ್ಕೇ ಆದಂತೆ ಕಾಣುತ್ತದೆ. ಆಗಲಿದ್ದು ತಪ್ಪಿದ ಪ್ರಯತ್ನಗಳನ್ನೂ ಸೇರಿಸಿ. ಹೆಸರುಗಳು ಬೇಡ. ಆರು ತಿಂಗಳಾದ ಮೇಲೆ ಕೈಯಲ್ಲಿ ಬರೆದ ನಕ್ಷೆಯ ಮೇಲೆ ಚುಕ್ಕೆ ಇಡಿ. ಒಂದೇ ಬಗೆಯ ಅಪರಾಧಕ್ಕೆ ಒಂದೇ ಬಣ್ಣ. ಎಲ್ಲವನ್ನೂ ಒಂದೇ ಬಣ್ಣದಲ್ಲಿ ಇಟ್ಟರೆ ಸೈಕಲ್ ಕಳವು ಮತ್ತು ಹಲ್ಲೆ ಬೆರೆತು ಯಾವ ಕಾರಣವೂ ಕಾಣುವುದಿಲ್ಲ.

ದೀಪ ಹಾಕಿಸಿದ್ವಿ, ಕಳ್ಳತನ ನಿಂತಿತು. ದೀಪದಿಂದಲೇ ಅಂತ ಹೇಳಬಹುದಾ?

ಕ್ರಮ ಕೈಗೊಳ್ಳುವುದು ಸಾಮಾನ್ಯವಾಗಿ ಅತಿ ಕೆಟ್ಟ ತಿಂಗಳಾದ ಮೇಲೆ. ಅತಿ ಕೆಟ್ಟ ತಿಂಗಳ ನಂತರದ ತಿಂಗಳು, ನೀವು ಏನೂ ಮಾಡದಿದ್ದರೂ, ಬಹುಶಃ ಸುಧಾರಿಸುತ್ತದೆ. ಹಾಗಾಗಿ ಹಿಂದಿನ ತಿಂಗಳಿಗೆ ಹೋಲಿಸದೆ ಹಿಂದಿನ ಎರಡು ಮೂರು ವರ್ಷಗಳ ಅದೇ ತಿಂಗಳುಗಳ ಸರಾಸರಿಗೆ ಹೋಲಿಸಿ. ಜೊತೆಗೆ ದೀಪ ಹಾಕದ, ನಿಮ್ಮಂತೆಯೇ ಇರುವ ಇನ್ನೊಂದು ಬೀದಿಯನ್ನೂ ಎಣಿಸಿ. ಅಲ್ಲೂ ಅಷ್ಟೇ ಇಳಿದಿದ್ದರೆ ಕಾರಣ ಬೇರೆ ಇದೆ. ಕಳ್ಳ ಸಿಕ್ಕಿಬಿದ್ದಿರಬಹುದು, ಊರೇ ಬಿಟ್ಟಿರಬಹುದು. ದೀಪದಿಂದಲೇ ಆಗಿದ್ದರೆ ರಾತ್ರಿಯ ಕಳ್ಳತನ ಹಗಲಿನದಕ್ಕಿಂತ ಹೆಚ್ಚು ಇಳಿದಿರಬೇಕು. ಪುಸ್ತಕದಲ್ಲಿ ಹೊತ್ತಿನ ಕಂಬಸಾಲು ತುಂಬಿದ್ದರೆ ಇದನ್ನು ನೋಡಲು ಹತ್ತು ನಿಮಿಷ ಸಾಕು.